ಮಗುವಿನ ವೆಂಟಿಲೇಟರ್ ತೆಗೀಬೇಕು ಅಂತ ಕೋರ್ಟು ಹೇಳ್ಬೋದಾ? ಹೆತ್ತವರು ಬೇಡ ಅಂದ್ರೂ?

ಮಲ್ಲಿಗೆಮೊಗ್ಗು (ಶನಿವಾರ, ಬೆಳಿಗ್ಗೆ 8:05)
ನಿನ್ನೆ ರಾತ್ರಿ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದ್ರು. "ಇಂಗ್ಲೆಂಡಿನಲ್ಲಿ ಕೋರ್ಟೇ ಹಸುಗೂಸನ್ನ ಕೊಂದಿತು, ದುಡ್ಡಿದ್ರೂ ಅಮೆರಿಕಕ್ಕೆ ಕರ್ಕೊಂಡು ಹೋಗೋಕೆ ಬಿಡಲಿಲ್ಲ" ಅಂತ. ಕೆಳಗೆ ಮೂಗಿಗೆ ಪೈಪು ಹಾಕಿರೋ ಮಗು, ಪಕ್ಕದಲ್ಲಿ ಒಂದು ಕೋತಿ ಗೊಂಬೆ. "ಕಳೆದ ವಾರ ನಡೆದ ಘಟನೆ" ಅಂತ ಬೇರೆ ಬರೆದಿತ್ತು. ನಮ್ಮ ಯಜಮಾನ್ರು "ಇದು ಚಾರ್ಲಿ ಗಾರ್ಡ್ ಅಂತ, 2017ರದ್ದು" ಅಂದ್ರು. ಅತ್ತೆ "ಹಳೇದಾದ್ರೇನು, ಹೆತ್ತವರಿಗಿಂತ ಜಡ್ಜಿಗೆ ಜಾಸ್ತಿ ಗೊತ್ತಾ?" ಅಂದ್ರು. ಅಲ್ಲಿಂದ ಹತ್ತಿಕೊಂಡಿದ್ದು, ಒಲೆ ಮೇಲೆ ಹಾಲು ಉಕ್ಕಿ ಹೋದ್ರೂ ಯಾರೂ ಎದ್ದು ಹೋಗಲಿಲ್ಲ.

ನಿದ್ದೆ ಬರ್ಲಿಲ್ಲ, ಕೂತು ಓದಿದೆ. ಮಗು ಹುಟ್ಟಿದ್ದು 2016ರ ಆಗಸ್ಟ್ 4ಕ್ಕೆ. ಮೊದಲು ಚೆನ್ನಾಗೇ ಇತ್ತು. ಎರಡು ತಿಂಗಳಾಗೋ ಹೊತ್ತಿಗೆ ತೂಕ ಏರ್ತಿಲ್ಲ, ಮೈಯಲ್ಲಿ ಕಸುವಿಲ್ಲ. ಅಕ್ಟೋಬರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಸೇರಿಸಿದ್ರು, ವೆಂಟಿಲೇಟರ್ ಹಾಕಿದ್ರು. ಮೈಟೋಕಾಂಡ್ರಿಯಾ, ಅಂದ್ರೆ ಜೀವಕೋಶಕ್ಕೆ ಶಕ್ತಿ ಕೊಡೋ ಭಾಗ, ಕೆಡೋ ಅಪರೂಪದ ಕಾಯಿಲೆ. ಅಪ್ಪ ಅಮ್ಮ ಅಮೆರಿಕದ ಚಿಕಿತ್ಸೆಗೆ ಅಂತ ಜನರಿಂದ 13 ಲಕ್ಷ ಪೌಂಡಿಗೂ ಜಾಸ್ತಿ ಎತ್ತಿದ್ರು. ಆಸ್ಪತ್ರೆ "ಇದರಿಂದ ಪ್ರಯೋಜನ ಇಲ್ಲ, ಮಗುಗೆ ಹಿಂಸೆ" ಅಂತ ಕೋರ್ಟಿಗೆ ಹೋಯ್ತು. 2017ರ ಏಪ್ರಿಲ್ 11ಕ್ಕೆ ಹೈಕೋರ್ಟು ಆಸ್ಪತ್ರೆ ಪರ ಹೇಳ್ತು. ಮೇಲಿನ ಕೋರ್ಟು, ಸುಪ್ರೀಂ ಕೋರ್ಟು, ಯುರೋಪಿನ ಮಾನವ ಹಕ್ಕುಗಳ ಕೋರ್ಟು, ಎಲ್ಲಾ ಕಡೆ ಹೆತ್ತವರಿಗೆ ಸೋಲು. ಜುಲೈ 28ಕ್ಕೆ ಮಗು ಹೋಯ್ತು. ಇನ್ನೊಂದು ವಾರ ಇದ್ದಿದ್ರೆ ಮೊದಲನೇ ವರ್ಷದ ಹುಟ್ಟುಹಬ್ಬ.

ನನ್ನ ಪ್ರಶ್ನೆ ಇಷ್ಟೇ. ದುಡ್ಡು ಅವರದ್ದು, ಮಗು ಅವರದ್ದು, ಕರ್ಕೊಂಡು ಹೋಗ್ತೀವಿ ಅಂದವರನ್ನ ತಡೆಯೋದು ಸರಿನಾ? ನಮ್ಮಲ್ಲಿ ಇಂಥದ್ದು ಬಂದ್ರೆ ಯಾರು ತೀರ್ಮಾನ ಮಾಡ್ತಾರೆ?

ತುಂಗಾತೀರ (8:31)
ಸರಿಯಲ್ಲ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಮಗು ಸರ್ಕಾರದ್ದಲ್ಲ. ಸಾಯೋದು ಗ್ಯಾರಂಟಿ ಅಂತಾದ್ರೆ ಪ್ರಯತ್ನ ಮಾಡಿ ಸಾಯ್ಲಿ. ನೂರಕ್ಕೆ ಒಂದು ಪರ್ಸೆಂಟ್ ಚಾನ್ಸ್ ಇದ್ರೂ ನಾನಾಗಿದ್ರೆ ತೋಟ ಮಾರಿ ಕರ್ಕೊಂಡು ಹೋಗ್ತಿದ್ದೆ.

ಬರೀ_ಓದುಗ (8:40)
ಅದೇ ಇಟಲಿ ಪೌರತ್ವ ಕೊಟ್ಟಿತ್ತಲ್ಲ, ಆ ಮಗು ತಾನೇ?

ಲಂಡನ್_ಲಕ್ಷ್ಮಿ (8:58)
ಅಲ್ಲ, ಅದು ಆಲ್ಫಿ ಇವಾನ್ಸ್. ಲಿವರ್‌ಪೂಲಿನ ಆಲ್ಡರ್ ಹೇ ಆಸ್ಪತ್ರೆ, 2018. ಆಮೇಲೆ 2023ರಲ್ಲಿ ಇಂಡಿ ಗ್ರೆಗರಿ ಅನ್ನೋ ಹೆಣ್ಣು ಮಗುಗೂ ಇಟಲಿ ಪೌರತ್ವ ಕೊಡ್ತು. ಎರಡೂ ಮಕ್ಕಳನ್ನ ಕೋರ್ಟು ಕಳಿಸಲಿಲ್ಲ. ಚಾರ್ಲಿ ವಿಷಯದಲ್ಲಿ ಪೋಪ್ ಮಾತಾಡಿದ್ರು, ಟ್ರಂಪ್ ಟ್ವೀಟ್ ಮಾಡಿದ್ರು, ರೋಮಿನ ಬಂಬಿನೊ ಜೆಸು ಆಸ್ಪತ್ರೆ ನಾವು ನೋಡ್ಕೋತೀವಿ ಅಂತು.

ನಾನು ಇಲ್ಲಿ ಮಕ್ಕಳ ಐಸಿಯುನಲ್ಲಿ ನರ್ಸು. ಊರು, ಆಸ್ಪತ್ರೆ ಹೆಸರು ಬೇಡ. ಡ್ಯೂಟಿ ಮುಗಿಸಿ ಬಂದಿದ್ದೀನಿ, ಮಲಗಿ ಎದ್ದು ಬರೀತೀನಿ. ತುಂಗಾತೀರ ಅವ್ರೆ, ತೋಟ ಮಾರ್ಬೇಡಿ, ತಡ್ಕೊಳ್ಳಿ.

ಗಿರ್ಮಿಟ್ (9:10)
ಈಗಿನ ಅಡಿಕೆ ರೇಟಿಗೆ ತೋಟ ಮಾರೋರು ಯಾರ್ರೀ.

ಹುಬ್ಬಳ್ಳಿ_ಡಾಕ್ಟ್ರು (9:46)
ಮಲ್ಲಿಗೆಮೊಗ್ಗು ಅಕ್ಕಾರ, ನೀವು ಓದಿದ್ದು ಬರೋಬ್ಬರಿ ಐತಿ, ಆದ್ರ ನಡುವಿಂದ ಒಂದು ತುಂಡು ಬಿಟ್ಟೀರಿ. ಅಮೆರಿಕದ ಔಷಧ ಅಂದ್ರ ದೊಡ್ಡ ಆಪರೇಶನ್ ಏನಲ್ಲ, ಹಾಲಿನ್ಯಾಗ ಕಲಿಸಿ ಕೊಡೋ ಪುಡಿ. ನ್ಯೂಕ್ಲಿಯೊಸೈಡ್ ಚಿಕಿತ್ಸೆ ಅಂತಾರ. ಅದನ್ನ ಅಲ್ಲಿತನಕ ಕೊಟ್ಟಿದ್ದು ಟಿಕೆ2 ಅನ್ನೋ ಬ್ಯಾರೆ ಜಾತಿ ಕಾಯಿಲೆ ಇದ್ದ ಮಂದಿಗೆ. ಅದು ಸ್ನಾಯು ಹಿಡಿಯೋ ರೋಗ. ಚಾರ್ಲಿಗೆ ಇದ್ದದ್ದು ಆರ್‌ಆರ್‌ಎಂ2ಬಿ ವಂಶವಾಹಿದು, ಮಿದುಳಿಗೂ ಕೈ ಹಾಕೋದು. ಆ ಜಾತಿಗೆ ಅದನ್ನ ಒಬ್ಬ ಮನುಷ್ಯಾಗೂ ಕೊಟ್ಟಿದ್ದಿಲ್ಲ. ಇಲಿ ಮ್ಯಾಲೂ ನೋಡಿದ್ದಿಲ್ಲ.

ಇನ್ನೊಂದು. 2017ರ ಜನವರಿಯೊಳಗ ಅದೇ ಆಸ್ಪತ್ರಿಯವ್ರೇ "ಕೊಟ್ಟು ನೋಡೋಣು" ಅಂತ ತಯಾರಿ ನಡಸಿದ್ರು. ಅಷ್ಟರಾಗ ಹುಡುಗಗ ಫಿಟ್ಸ್ ಮ್ಯಾಲೆ ಫಿಟ್ಸ್ ಬಂದು ಮಿದುಳು ಕೆಟ್ಟಿತು. ಆಮ್ಯಾಲೆ ಅವರು ಬ್ಯಾಡ ಅಂದ್ರು. ಹಂಗಾಗಿ "ಡಾಕ್ಟ್ರಿಗೆ ಮನಸಿದ್ದಿಲ್ಲ" ಅನ್ನೋದು ಸುಳ್ಳು.

ತುಂಗಾತೀರ (10:02)
ಡಾಕ್ಟ್ರೇ, ನೀವೇ ನನ್ನ ಕೈಗೆ ಕೋಲು ಕೊಟ್ರಿ. ಜನವರೀಲಿ ಕೊಡೋಕೆ ತಯಾರಿದ್ದೋರು, ಆಮೇಲೆ ಕೋರ್ಟು ಕೋರ್ಟು ಅಂತ ಏಪ್ರಿಲ್, ಮೇ, ಜೂನ್, ಜುಲೈ ಕಳೆದ್ರು. ಅಷ್ಟು ತಿಂಗಳು ಹೇಗೂ ವೆಂಟಿಲೇಟರ್ ಮೇಲೇ ಇತ್ತಲ್ಲ? ಆ ಸಮಯದಲ್ಲಿ ಹಾಲಲ್ಲಿ ಪುಡಿ ಕಲಸಿ ಕೊಟ್ಟಿದ್ರೆ ಗಂಟೇನು ಹೋಗ್ತಿತ್ತು? ಕೊನೆಗೆ ಹೆತ್ತವರು ಹೇಳಿದ್ದೂ ಅದನ್ನೇ, ಟೈಮ್ ಹಾಳಾಯ್ತು ಅಂತ.

ಹುಬ್ಬಳ್ಳಿ_ಡಾಕ್ಟ್ರು (10:09)
ಈ ಮಾತಿಗೆ ನನ್ನ ಕಡೆ ಪೂರ್ತಿ ಉತ್ತರ ಇಲ್ಲ. ಖರೆ ಹೇಳ್ತೀನಿ. ಮಿದುಳು ಆಗಲೇ ಹೋಗಿತ್ತು ಅನ್ನೋದು ಆಸ್ಪತ್ರಿ ವಾದ, ಜಡ್ಜೂ ಅದನ್ನೇ ಒಪ್ಪಿದ್ರು. ಆದ್ರ ಕೋರ್ಟಿನ ದಿನಕ್ಕೂ ಐಸಿಯು ದಿನಕ್ಕೂ ಅಳತಿ ಬ್ಯಾರೆ ಐತಿ ನೋಡ್ರಿ. ಕೋರ್ಟಿನ್ಯಾಗ ಮೂರು ವಾರ ಅಂದ್ರ "ಲಗೂನ ಆತು" ಅಂತಾರ.

ಸಾಫ್ಟ್‌ವೇರ್_ಸಿದ್ದ (10:15)
ಬ್ರೈನ್ ಡೆಡ್ ಆಗಿತ್ತು ಅಂದ್ರೆ ಸತ್ತಿತ್ತು ಅಂತಾನೇ ಅಲ್ವಾ ಗುರು? ಮತ್ತೆ ಕೋರ್ಟ್ ಯಾಕೆ?

ಹುಬ್ಬಳ್ಳಿ_ಡಾಕ್ಟ್ರು (10:21)
ಇಲ್ಲೋ ತಮ್ಮಾ. ಮಿದುಳು ಕೆಡೋದು ಬ್ಯಾರೆ, ಮಿದುಳು ಸಾವು ಬ್ಯಾರೆ. ಚಾರ್ಲಿ ಬ್ರೈನ್ ಡೆಡ್ ಆಗಿದ್ದಿಲ್ಲ. ಆಲ್ಫಿನೂ ಅಲ್ಲ. ಆಲ್ಫಿಗೆ ಏಪ್ರಿಲ್ 23ಕ್ಕ ವೆಂಟಿಲೇಟರ್ ತಗದ ಮ್ಯಾಲೂ ತಾನ ಉಸಿರಾಡಿದ, 28ಕ್ಕ ಹೋದ. ಮಂದಿ ಅದನ್ನ ಹಿಡಕೊಂಡು "ನೋಡ್ರಿ, ಬದುಕೋ ಕೂಸಿತ್ತು" ಅಂದ್ರು. ಉಸಿರಾಡೋದೂ ಬದುಕೋದೂ ಒಂದ ಅಂತ ತಿಳ್ಕೊಂಡ್ರ ನನ್ನ ಕೆಲಸ ಭಾಳ ಸಸಾರ ಆಗ್ತಿತ್ತು.

ಕರಾವಳಿಗ (10:40)
ಎಲ್ಲ ದುಡ್ಡಿನ ಆಟ ಮಾರಾಯ್ರೆ. ಅಲ್ಲಿ ಆಸ್ಪತ್ರೆ ಸರ್ಕಾರದ್ದು, ಬೆಡ್ ಖಾಲಿ ಮಾಡಬೇಕು. ಈ ಡಾಕ್ಟರುಗಳೆಲ್ಲ ಕೊಲೆ... [ಈ ಕಾಮೆಂಟಿನ ಉಳಿದ ಭಾಗ ತೆಗೆಯಲಾಗಿದೆ]

ನಿರ್ವಾಹಕ (10:52)
ಕರಾವಳಿಗ ಅವರೇ, ವಾದ ಮಾಡಿ, ಬೈಗುಳ ಬೇಡ. ಈ ಥ್ರೆಡ್ಡಿನಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡೋರೂ ಇದ್ದಾರೆ, ಮಕ್ಕಳನ್ನ ಕಳ್ಕೊಂಡವರೂ ಇರಬಹುದು.

ಕರಾವಳಿಗ (10:57)
ಆಯ್ತು ಸ್ವಾಮಿ, ಬಾಯಿ ಜಾರಿತು. ಆದರೆ ಬೆಡ್ಡಿನ ಪ್ರಶ್ನೆ ಪ್ರಶ್ನೆಯೇ. ಉತ್ತರ ಉಂಟಾ?

ಲಂಡನ್_ಲಕ್ಷ್ಮಿ (ಮಧ್ಯಾಹ್ನ 2:18)
ಎದ್ದೆ. ಉತ್ತರ ಉಂಟು.

ಬೆಡ್ ಖಾಲಿ ಮಾಡೋದೇ ಆಗಿದ್ರೆ ಹೆತ್ತವರು "ನಮ್ಮ ದುಡ್ಡಲ್ಲಿ ಕರ್ಕೊಂಡು ಹೋಗ್ತೀವಿ" ಅಂದಾಗ ಕಳಿಸಿಬಿಡ್ತಿದ್ರು. ಬೆಡ್ಡೂ ಖಾಲಿ, ತಲೆನೋವೂ ಇಲ್ಲ. ಸುಮ್ನೆ ಯೋಚನೆ ಮಾಡಿ. ಇಲ್ಲಿ ಕಾನೂನು ಹೇಳೋದು, ಹೆತ್ತವರಿಗೆ ಮಗುವಿನ ಜವಾಬ್ದಾರಿ ಇದೆ, ಒಡೆತನ ಇಲ್ಲ. ಡಾಕ್ಟ್ರಿಗೂ ಹೆತ್ತವರಿಗೂ ಒಮ್ಮತ ಬರದಿದ್ರೆ ಜಡ್ಜು "ಮಗುಗೆ ಯಾವುದು ಒಳ್ಳೇದು" ಅಂತ ಮಾತ್ರ ನೋಡ್ಬೇಕು. ಮಗು ಪರ ಕೋರ್ಟೇ ಒಬ್ಬರನ್ನ ನೇಮಿಸುತ್ತೆ, ಅವರು ಅಪ್ಪ ಅಮ್ಮನ ಕಡೆಯೂ ಅಲ್ಲ, ಆಸ್ಪತ್ರೆ ಕಡೆಯೂ ಅಲ್ಲ.

ಹಿಂಸೆ ಅಂದ್ರೇನು ಅಂತ ಫಾರ್ವರ್ಡಿನಲ್ಲಿ ಇರೋಲ್ಲ, ಫೋಟೋದಲ್ಲೂ ಕಾಣೋಲ್ಲ. ಗಂಟಲಿಗೆ ಟ್ಯೂಬ್ ಹಾಕಿದ ಮಗು ಅತ್ರೆ ಸದ್ದು ಬರೋಲ್ಲ. ಟ್ಯೂಬು ಧ್ವನಿಪೆಟ್ಟಿಗೆ ಮಧ್ಯದಲ್ಲೇ ಹೋಗಿರುತ್ತೆ. ಮುಖ ಕೆಂಪಾಗುತ್ತೆ, ಬಾಯಿ ಅಗಲ ಆಗುತ್ತೆ, ಕಣ್ಣಲ್ಲಿ ನೀರು, ಸದ್ದು ಮಾತ್ರ ಇಲ್ಲ. ಎರಡು ಮೂರು ಗಂಟೆಗೊಂದ್ಸಲ, ಕೆಲವು ಸಲ ಇನ್ನೂ ಬೇಗ ಬೇಗ, ಸಣ್ಣ ಪೈಪು ಇಳಿಸಿ ಕಫ ಎಳೀಬೇಕು. ಎಳೆಯೋಳು ನಾನು. ಚಾರ್ಲಿಗೆ ಅಳೋ ಮುಖ ಮಾಡೋಕೂ ಆಗ್ತಿರಲಿಲ್ಲ. ಕೈಕಾಲು ಆಡಿಸೋಕಾಗಲ್ಲ, ಕಿವಿ ಕೇಳಲ್ಲ, ರೆಪ್ಪೆ ಪೂರ್ತಿ ತೆರೆಯೋಕಾಗಲ್ಲ. ನೋವಾಗ್ತಿದ್ಯಾ ಇಲ್ವಾ ಅಂತ ಖಡಾಖಂಡಿತ ಹೇಳೋಕೆ ಯಾರಿಗೂ ಆಗಲಿಲ್ಲ. ಅದಕ್ಕೇ ಅಷ್ಟು ಕಷ್ಟವಾಗಿದ್ದು.

ಆ ಬೇಸಿಗೇಲಿ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಸಿಬ್ಬಂದಿಗೆ ಕೊಲೆ ಬೆದರಿಕೆ ಬಂತು, ಪೊಲೀಸರವರೆಗೂ ಹೋಯ್ತು. ನಾನಿದ್ದದ್ದು ಬೇರೆ ಊರು, ಬೇರೆ ಆಸ್ಪತ್ರೆ. ಆದ್ರೂ ಕತ್ತಿಗೆ ಹಾಕೋ ಗುರುತಿನ ಪಟ್ಟಿ ಜೇಬೊಳಗೆ ಇಟ್ಕೊಂಡು ಬಸ್ ಹತ್ತುತಿದ್ದೆ. ಒಂದ್ಸಲ ಪಕ್ಕದಲ್ಲಿ ಕೂತ ಅಜ್ಜಿ "ನೀನು ಮಕ್ಕಳನ್ನ ಸಾಯಿಸೋ ಕಡೆಯವಳಾ?" ಅಂತ ಕೇಳಿದ್ಲು. ಬೈದಿದ್ದಲ್ಲ, ನಿಜವಾಗ್ಲೂ ಗೊತ್ತಿಲ್ಲದೆ ಕೇಳಿದ್ದು.

ಮಲ್ಲಿಗೆಮೊಗ್ಗು (2:30)
ಸದ್ದಿಲ್ಲದೆ ಅಳೋದು... ಅಯ್ಯೋ. ಇದು ಗೊತ್ತೇ ಇರಲಿಲ್ಲ ಲಕ್ಷ್ಮಿ.

ತುಂಗಾತೀರ (2:44)
ಲಕ್ಷ್ಮಿ ಮೇಡಂ, ನಿಮ್ಮ ಕೆಲಸಕ್ಕೆ ನಮಸ್ಕಾರ. ಆದ್ರೆ "ಒಡೆತನ ಇಲ್ಲ" ಅನ್ನೋ ಮಾತು ನನಗೆ ಇಳಿಯೋದೇ ಇಲ್ಲ. ಮಗುಗೆ ಯಾವ ಸ್ಕೂಲು, ಯಾವ ದೇವ್ರು, ಯಾವ ಊಟ ಅಂತ ತೀರ್ಮಾನ ಮಾಡೋಕೆ ನಾನು ಬೇಕು. ಅದರ ಜೀವದ ವಿಷಯ ಬಂದಾಗ ನಾನು ಬೇಡ?

ಕರಿಕೋಟು (3:05)
ವಕೀಲ ನಾನು, ಎರಡು ಮಾತು. ಮಗುಗೆ ಊಟ ಹಾಕದೆ ಇರೋ ಹಕ್ಕು ನಿಮಗಿಲ್ಲ ತುಂಗಾತೀರರೇ. ಧರ್ಮದ ಹೆಸರಲ್ಲಿ ರಕ್ತ ಕೊಡಿಸೋದು ಬೇಡ ಅಂದ್ರೂ ಕೋರ್ಟು ನಡುವೆ ಬರುತ್ತೆ. ಅಲ್ಲಿ ನೀವು ಕೋರ್ಟಿಗೆ ಚಪ್ಪಾಳೆ ಹೊಡೀತೀರಿ. ಸೂತ್ರ ಒಂದೇ, ಉತ್ತರ ತಿರುಗಿದೆ ಅಷ್ಟೆ.

ಇನ್ನು ನಮ್ಮಲ್ಲಿ ಯಾರು ತೀರ್ಮಾನ ಮಾಡ್ತಾರೆ ಅಂತ ಕೇಳಿದ್ರಲ್ಲ. ದಶಕಗಟ್ಟಲೆ ಪ್ರಜ್ಞೆಯಿಲ್ಲದಂತೆ ಹಾಸಿಗೆ ಹಿಡಿದಿದ್ದ ನರ್ಸ್ ಅರುಣಾ ಶಾನಭಾಗ ಕೇಸಿನಲ್ಲಿ 2011ಕ್ಕೆ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ, ಯಂತ್ರ ನಿಲ್ಲಿಸೋಕೆ ಹೈಕೋರ್ಟಿನ ಅನುಮತಿ ಬೇಕಿತ್ತು. 2018ರ ಮಾರ್ಚ್ 9ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯೋದೂ ಬದುಕುವ ಹಕ್ಕಿನ ಭಾಗ ಅಂತು, ಆದ್ರೆ ವಿಧಾನ ಎಷ್ಟು ಜಟಿಲ ಅಂದ್ರೆ ಯಾರೂ ಅದನ್ನ ಬಳಸಲೇ ಇಲ್ಲ ಅನ್ಬೋದು. 2023ರ ಜನವರೀಲಿ ಸಡಿಲ ಮಾಡಿದ್ರು. ಈಗ ಆಸ್ಪತ್ರೆಯಲ್ಲೇ ಒಂದು ಪ್ರಾಥಮಿಕ ಬೋರ್ಡು: ನೋಡ್ತಿರೋ ಡಾಕ್ಟ್ರು, ಜೊತೆಗೆ ಐದು ವರ್ಷ ಅನುಭವ ಇರೋ ಇಬ್ಬರು ತಜ್ಞರು. ಆಮೇಲೆ ಎರಡನೇ ಬೋರ್ಡು, ಅದರಲ್ಲೂ ಮೂವರು, ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರು. ಎರಡೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಹೇಳ್ಬೇಕು. ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆ ಬೇಕೇ ಬೇಕು. ತೆಗೆಯೋ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸ್ಬೇಕು, ಅನುಮತಿ ಕೇಳೋದಲ್ಲ, ತಿಳಿಸೋದು. ಕರ್ನಾಟಕ ಇದನ್ನ ಜಾರಿ ಮಾಡೋಕೆ 2025ರ ಜನವರಿ 30ಕ್ಕೆ ಆದೇಶ ಹೊರಡಿಸ್ತು.

ಅಂದ್ರೆ ಹೆತ್ತವರು ಒಪ್ಪದೆ ಈ ದಾರಿ ಮುಂದೆ ಹೋಗೋದೇ ಇಲ್ಲ. ಚಾರ್ಲಿ ಥರದ ಕೇಸು, ಆಸ್ಪತ್ರೆಯೇ ಹೆತ್ತವರ ವಿರುದ್ಧ ಕೋರ್ಟಿಗೆ ಹೋಗೋದು, ನಮ್ಮ ವಿಧಾನದಲ್ಲಿ ಹುಟ್ಟೋದು ಕಷ್ಟ.

ಸಾಫ್ಟ್‌ವೇರ್_ಸಿದ್ದ (3:12)
ಹಾಗಾದ್ರೆ ದಯಾಮರಣ ಕರ್ನಾಟಕದಲ್ಲಿ ಲೀಗಲ್ಲಾ? ಸೂಜಿ ಕೊಡ್ತಾರಾ?

ಕರಿಕೋಟು (3:15)
ಇಲ್ಲ!! ಸೂಜಿ ಕೊಟ್ಟು ಸಾಯಿಸೋದು ಅಪರಾಧ. ಇದು ಬರೀ ಯಂತ್ರ ನಿಲ್ಲಿಸೋದು ಅಥವಾ ಹೊಸದಾಗಿ ಹಾಕದಿರೋದು, ಜೊತೆಗೆ ನೋವು ಕಮ್ಮಿ ಮಾಡೋದು. ಟಿವಿಯವರು ಎರಡನ್ನೂ "ದಯಾಮರಣ" ಅಂತ ಒಂದೇ ಚೀಲಕ್ಕೆ ತುಂಬಿ ಈ ಗೊಂದಲ. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಘನತೆಯಿಂದ ಸಾಯೋ ಹಕ್ಕಿಗೆ ಅಂತ ವರ್ಷಗಟ್ಟಲೆ ಪತ್ರ ಬರೆದು ಹೋರಾಡಿದ್ದಕ್ಕೂ ಈ ಹಣೆಪಟ್ಟಿಯೇ.

ಹೊನ್ನಾವರದ_ಭಟ್ಟ (3:50)
ಅರುಣಾ ಶಾನಭಾಗ ನಮ್ಮ ಹಳದೀಪುರದವಳು. ಯಾರೂ ಹೇಳ್ಲಿಲ್ಲ, ಅದಕ್ಕೇ ಹೇಳ್ತಾ ಇದ್ದೆ. ಮುಂಬೈಯ ಕೆಇಎಂ ಆಸ್ಪತ್ರೆಲಿ ನರ್ಸು. 1973ರ ನವೆಂಬರ್ 27ಕ್ಕೆ ಅಲ್ಲಿನ ವಾರ್ಡ್ ಬಾಯೇ ನಾಯಿ ಸರಪಳಿ ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ್ದ. ಮಿದುಳು ಕೆಟ್ಟು, ಆಮೇಲೆ ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆ. 2015ರ ಮೇ 18ಕ್ಕೆ ನ್ಯುಮೋನಿಯಾದಲ್ಲಿ ತೀರಿಕೊಂಡಳು.

ಈ ಚರ್ಚೆಗೆ ಬೇಕಾದ್ದು ಇಲ್ಲಿದೆ ನೋಡಿ. ಆಹಾರ ನಿಲ್ಲಿಸಲಿ ಅಂತ ಅರ್ಜಿ ಹಾಕಿದ್ದು ಅವಳ ಕಥೆ ಬರೆದ ಪಿಂಕಿ ವಿರಾನಿ. ಬೇಡ ಅಂದಿದ್ದು ಕೆಇಎಂ ನರ್ಸುಗಳು, ಅವಳ ನಂತರ ಕೆಲಸಕ್ಕೆ ಸೇರಿದವರು, ಅವಳು ಓಡಾಡಿದ್ದನ್ನ ನೋಡದೇ ಇದ್ದವರೂ. ಕೋರ್ಟು ನರ್ಸುಗಳ ಮಾತೇ ಮೇಲು ಅಂತು. ಅಲ್ಲಿ ಆಸ್ಪತ್ರೆ "ಇರಲಿ" ಅಂತು, ಇಂಗ್ಲೆಂಡಿನಲ್ಲಿ ಆಸ್ಪತ್ರೆ "ಸಾಕು" ಅಂತು. ಹಾಸಿಗೆ ಬಟ್ಟೆ ಬದಲಾಯಿಸಿದವರಿಗೆ ಒಂದು ಹಕ್ಕು ಹುಟ್ಟತದೆ ಅಂತ ನನ್ನ ಅನಿಸಿಕೆ. ಅದು ರಕ್ತಸಂಬಂಧಕ್ಕಿಂತ ಕಮ್ಮಿಯದ್ದಲ್ಲ.

ಗಿರ್ಮಿಟ್ (4:02)
ಭಟ್ರು ಮಾತಾಡಿದ್ರೆ ಥ್ರೆಡ್ಡಿಗೆ ತೂಕ. ನಾನಿನ್ನು ಅಡಿಕೆ ವಿಷಯ ಎತ್ತಲ್ಲ.

ಹುಬ್ಬಳ್ಳಿ_ಡಾಕ್ಟ್ರು (ರಾತ್ರಿ 9:20)
ವಕೀಲ ಸಾಹೇಬ್ರು ಹೇಳಿದ್ದು ಕಾಗದದ ಮ್ಯಾಲಿನ ಮಾತು. ನಾ ನೋಡಿದ್ದು ಹೇಳ್ತೀನಿ. ಆಸ್ಪತ್ರಿ ಹೆಸರು ಕೇಳಬ್ಯಾಡ್ರಿ.

ನಮ್ಮ ಕಡೆ ವೆಂಟಿಲೇಟರ್ ತಗಿಯೋದು ಬೋರ್ಡೂ ಅಲ್ಲ, ಜಡ್ಜೂ ಅಲ್ಲ. ಬಿಲ್ ಕೌಂಟರ್. ಐದಾರು ದಿವಸ ಆದ ಮ್ಯಾಲೆ ಅಪ್ಪ ಬರ್ತಾನ, ಬಾಗಿಲ ಹತ್ರ ಚಪ್ಲಿ ಬಿಟ್ಟು ನಿಂದ್ರತಾನ. "ಸಾಹೇಬ್ರ, ಮನಿಗೆ ಒಯ್ತೀವ್ರೀ." ಅಷ್ಟ. ಆ ಮಾತಿನ ಅರ್ಥ ಅವಗೂ ಗೊತ್ತು, ನಮಗೂ ಗೊತ್ತು. ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ ಅಂತ ಒಂದು ಫಾರ್ಮ್ ಇರ್ತೈತಿ, ಹೆಬ್ಬಟ್ಟು ಒತ್ತತಾನ. ಒತ್ತಿದ ಮ್ಯಾಲೆ ಶಾಯಿ ಎಲ್ಲಿ ಒರಸಬೇಕು ತಿಳಿಯಂಗಿಲ್ಲ, ತಲಿಗೂದಲಿಗೆ ಒರಸ್ಕೋತಾನ. ನಂತರ ಆಂಬುಲೆನ್ಸಿನ್ಯಾಗ ಅವ್ವನ ತೊಡಿ ಮ್ಯಾಲೆ ಕೂಸು, ಸೋದರಮಾವ ಆಂಬು ಬ್ಯಾಗ್, ಅಂದ್ರ ಕೈಲೆ ಒತ್ತಿ ಉಸಿರು ಕೊಡೋ ಚೀಲ, ಒತ್ತತಾ ಕುಂತಿರ್ತಾನ. ಹೆಂಗ ಒತ್ತಬೇಕು ಅಂತ ನಾನ ಐದು ನಿಮಿಷ ಕಲಿಸಿ ಕಳಿಸಿರ್ತೀನಿ. ಊರು ಅರವತ್ತು, ಎಪ್ಪತ್ತು ಕಿಲೋಮೀಟರ್. ಒಮ್ಮೆ ಒಬ್ಬ ಹುಡುಗ ದಾರಿಯಿಂದ ಫೋನ್ ಮಾಡಿ ಕೇಳಿದ, "ಸರ್, ಯಾವಾಗ ನಿಲ್ಲಿಸಬೇಕ್ರಿ?" ಹತ್ತೊಂಬತ್ತು ವರ್ಷದ ಹುಡುಗ ಇದ್ದಾನು.

ಅವನ ಕಡೆಯಿಂದ ಆ ತೀರ್ಮಾನ ಮಾಡಿಸಿದವರು ನಾವು. ನೋವಿಗೆ ಒಂದು ಹನಿ ಮಾರ್ಫಿನ್ ಕೊಡದ ಕಳಿಸಿರ್ತೀವಿ. ಲಂಡನ್ನಿನ್ಯಾಗ ಐದು ತಿಂಗಳು ವಾದ ಮಾಡಿದ್ರಂತ, ಮಾಡ್ಲಿ ಬಿಡ್ರಿ. ಒಂದು ಕೂಸಿನ ಬಗ್ಗೆ ಅಷ್ಟು ಮಂದಿ ಕುಂತು ವಾದ ಮಾಡಿದ್ರು ಅನ್ನೋದ ನನಗ ಹೊಟ್ಟಿಕಿಚ್ಚು.

ಬರೀ_ಓದುಗ (9:41)
"ಯಾವಾಗ ನಿಲ್ಲಿಸಬೇಕ್ರಿ." ಏನು ಹೇಳಿದ್ರಿ ಸರ್ ನೀವು?

ಹುಬ್ಬಳ್ಳಿ_ಡಾಕ್ಟ್ರು (9:44)
ಮನಿ ಮುಟ್ಟೋತನ ಒತ್ತು ಅಂದೆ.

ತುಂಗಾತೀರ (10:10)
ಡಾಕ್ಟ್ರೇ, ಇದಕ್ಕೆ ಆಯುಷ್ಮಾನ್ ಕಾರ್ಡ್ ಇಲ್ವಾ? ಅಪರೂಪದ ಕಾಯಿಲೆಗೆ ಕೇಂದ್ರದಿಂದ 50 ಲಕ್ಷ ಅಂತ ಓದಿದ್ದೆ.

ಹುಬ್ಬಳ್ಳಿ_ಡಾಕ್ಟ್ರು (10:24)
ಐತಿ, 2021ರ ಅಪರೂಪದ ಕಾಯಿಲೆ ನೀತಿ. ಮೊದಲ ಕಮ್ಮಿ ಇತ್ತು, ಆಮ್ಯಾಲೆ 50 ಲಕ್ಷ ಮಾಡಿದ್ರು. ಪಟ್ಟಿಯೊಳಗಿನ ಕಾಯಿಲೆಗೆ, ಗೊತ್ತುಮಾಡಿದ ಕೇಂದ್ರದ ಮೂಲಕ. ನಮ್ಮ ರಾಜ್ಯಕ್ಕ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರಿ ಜೋಡಿ ಮಾನವ ತಳಿವಿಜ್ಞಾನ ಕೇಂದ್ರ. ಆದ್ರ ಸ್ನಾಯುಕ್ಷಯದ ಜೀನ್ ಔಷಧಕ್ಕ 16 ಕೋಟಿ ಅಂತಾರ, 50 ಲಕ್ಷ ಎಲ್ಲಿಗೆ ಸಾಲ್ತೈತಿ?

ಸಾಫ್ಟ್‌ವೇರ್_ಸಿದ್ದ (10:30)
16 ಕೋಟಿ ಕ್ರೌಡ್‌ಫಂಡಿಂಗ್‌ಗೆ ನಾನೂ 500 ಹಾಕಿದ್ದೆ ಒಂದ್ಸಲ. ಆಮೇಲೆ ಮಗು ಏನಾಯ್ತು ಅಂತ ನೋಡೇ ಇಲ್ಲ. ಈಗ ಕೆಟ್ಟದನ್ನಿಸ್ತಿದೆ.

ಪುಟ್ಟಿಯಮ್ಮ (ರಾತ್ರಿ 11:52)
ನಿನ್ನೆಯಿಂದ... ಅಲ್ಲ, ಬೆಳಿಗ್ಗೆಯಿಂದ ಓದ್ತಾ ಇದ್ದೀನಿ. ಬರೀಬಾರ್ದು ಅಂದ್ಕೊಂಡಿದ್ದೆ.

ನನ್ನ ಮಗಳಿಗೂ ಮೈಟೋಕಾಂಡ್ರಿಯಾದ್ದೇ. ಲೀ ಸಿಂಡ್ರೋಮ್ ಅಂದ್ರು. ಹದಿನಾಲ್ಕು ತಿಂಗಳು. ಇಪ್ಪತ್ತಮೂರು ದಿನ ಐಸಿಯು. ಊರು ಬೇಡ, ಆಸ್ಪತ್ರೆ ಬೇಡ. ಲಕ್ಷ್ಮಿ ಅವ್ರು ಬರೆದಿದ್ದು ನಿಜ, ಅವಳು ಅತ್ರೆ ಸದ್ದು ಬರ್ತಿರಲಿಲ್ಲ. ಮೊದಲೆರಡು ದಿನ ನಾನು ಅದನ್ನ ಆಕಳಿಕೆ ಅಂದ್ಕೊಂಡಿದ್ದೆ.

ಡಾಕ್ಟ್ರು ಯಾರೂ "ಬದುಕಲ್ಲ" ಅಂತ ಬಾಯಿಬಿಟ್ಟು ಹೇಳ್ಲಿಲ್ಲ. ದಿನಾ ಕಾರಿಡಾರಿನಲ್ಲಿ ನಿಂತು "ಮುಂದೆ ಏನ್ಮಾಡೋಣ ಹೇಳಿ, ನೀವು ಯೋಚನೆ ಮಾಡಿ" ಅನ್ನೋರು. ಏನು ಯೋಚನೆ ಮಾಡೋದು ಅಂತಾನೇ ಅರ್ಥ ಆಗ್ತಿರಲಿಲ್ಲ. ಇಪ್ಪತ್ತೆರಡನೇ ದಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನ ಕುರ್ಚಿ ಮೇಲೆ ಕೂರಿಸಿ, ತಾನೂ ಕೂತು, ಬಿಡಿಸಿ ಹೇಳಿದ್ರು. ಕೂತು ಹೇಳಿದ್ದು ಅವರೊಬ್ಬರೇ. ಮಾರನೇ ದಿನ ಒಪ್ಪಿಗೆ ಪತ್ರ ಬಂತು. ಅವರಪ್ಪಂಗೆ ಕೈ ಬರ್ಲಿಲ್ಲ, ಪೆನ್ನು ಹಿಡಿದು ಹಾಗೇ ನಿಂತುಬಿಟ್ರು. ನಾನು ಸೈನ್ ಮಾಡಿದೆ. ಮೆಡಿಕಲ್ ಶಾಪಿನ ಹೆಸರಿದ್ದ ನೀಲಿ ಪೆನ್ನು. ಸರಿಯಾಗಿ ಬರೀತಿರಲಿಲ್ಲ, ಎರಡು ಸಲ ತಿದ್ದಿ ತಿದ್ದಿ ಸೈನ್ ಮಾಡಬೇಕಾಯ್ತು.

ಟ್ಯೂಬು ತೆಗೆದ ಮೇಲೆ ತೊಡೆ ಮೇಲೆ ಕೊಟ್ರು. ಮುಖಕ್ಕೆ ಅಂಟಿಸಿದ್ದ ಪ್ಲಾಸ್ಟರ್ ಕಿತ್ತ ಜಾಗದಲ್ಲಿ ಕೆನ್ನೆ ಕೆಂಪಾಗಿತ್ತು. ಇಪ್ಪತ್ತಮೂರು ದಿನದಲ್ಲಿ ಪೂರ್ತಿ ಮುಖ ನೋಡಿದ್ದು ಆಗಲೇ. ನಲವತ್ತು ನಿಮಿಷ ಇದ್ಲು. ನೋವಿಗೆ ಔಷಧಿ ಕೊಟ್ಟಿದ್ರು, ಒದ್ದಾಡ್ಲಿಲ್ಲ.

ನಾನು ಮಾಡಿದ್ದು ತಪ್ಪು ಅಂತ ನನಗನ್ನಿಸಲ್ಲ. ಆದ್ರೆ ಆ ಇಂಗ್ಲೆಂಡಿನ ಅಪ್ಪ ಅಮ್ಮನ ಬಗ್ಗೆ ನನಗಿರೋದು ಕನಿಕರ ಅಲ್ಲ, ಹೇಳಿದ್ರೆ ತಪ್ಪು ತಿಳೀಬೇಡಿ, ಹೊಟ್ಟೆಕಿಚ್ಚೇ. ಡಾಕ್ಟ್ರಿಗೆ ಒಂದು ಹೊಟ್ಟೆಕಿಚ್ಚು, ನನಗೆ ಇನ್ನೊಂದು. ಅವರು ಸೋತ್ರು, ಆದ್ರೆ ಸಾಯೋವರೆಗೂ "ನಾವು ಬಿಟ್ಟುಕೊಡ್ಲಿಲ್ಲ, ಅವರು ಕಿತ್ಕೊಂಡ್ರು" ಅನ್ನಬಹುದು. ನನ್ನ ಕಾಗದದ ಮೇಲೆ ಜಡ್ಜಿನ ಸೈನ್ ಇಲ್ಲ. ನಂದಿದೆ. ಅತ್ತೆ ಇವತ್ತಿಗೂ ಬಾಯಿಬಿಟ್ಟು ಏನೂ ಅನ್ನಲ್ಲ. ಅವಳ ಹುಟ್ಟಿದ ದಿನ ಮಾತ್ರ ನನ್ನ ಕೈಯಿಂದ ಕಾಫಿ ತಗೊಳ್ಳಲ್ಲ.

ಮಲ್ಲಿಗೆಮೊಗ್ಗು (ಭಾನುವಾರ, ಬೆಳಿಗ್ಗೆ 6:30)
ಈಗ ಎದ್ದು ಓದಿದೆ. ಏನು ಬರೀಬೇಕೋ ತಿಳೀತಿಲ್ಲ ಅಕ್ಕ.

ಲಂಡನ್_ಲಕ್ಷ್ಮಿ (7:15)
ಚಾರ್ಲಿಯ ಅಪ್ಪ ಅಮ್ಮನೂ ಕೊನೆಗೆ ತಾವೇ ಹಿಂದೆ ಸರಿದ್ರು, ಇದು ಫಾರ್ವರ್ಡಿನಲ್ಲಿ ಬರಲ್ಲ. ಕೊಲಂಬಿಯಾ ಯೂನಿವರ್ಸಿಟಿಯ ಪ್ರೊಫೆಸರ್ ಹಿರಾನೋ ಜುಲೈ ಮಧ್ಯದಲ್ಲಿ ಲಂಡನ್ನಿಗೆ ಬಂದು ಮಗುನ ನೋಡಿದ್ರು. ಹೊಸ ಸ್ಕ್ಯಾನಿನಲ್ಲಿ ಸ್ನಾಯುಗಳು ವಾಪಸ್ ಬರದಷ್ಟು ಹೋಗಿದ್ವು. ಜುಲೈ 24ಕ್ಕೆ ಕೋರ್ಟಿನಲ್ಲಿ ಅವರೇ ಸಾಕು ಅಂದ್ರು. ಆಮೇಲಿನ ಜಗಳ ಎಲ್ಲಿ ಸಾಯಬೇಕು ಅಂತ. ಮನೆಗೆ ಕರ್ಕೊಂಡು ಹೋಗಿ ಒಂದ್ಸಲ ಸ್ನಾನ ಮಾಡಿಸಿ ಅವನ ತೊಟ್ಟಿಲಲ್ಲಿ ಮಲಗಿಸ್ಬೇಕು ಅಂತ ಅವರಾಸೆ. ಆಸ್ಪತ್ರೆ ಆ ವೆಂಟಿಲೇಟರ್ ಮನೆ ಬಾಗಿಲಲ್ಲಿ ಹಿಡಿಯಲ್ಲ ಅಂತು. ದೇಶ ದೇಶಗಳು ಮಾತಾಡಿದ ಕೇಸು ಕಡೆಗೆ ಬಾಗಿಲಿನ ಅಗಲಕ್ಕೆ ಬಂದು ನಿಂತಿತ್ತು. ಹಾಸ್ಪೀಸಿಗೆ, ಅಂದ್ರೆ ಕೊನೆಗಾಲದವರನ್ನ ನೋಡ್ಕೊಳ್ಳೋ ಜಾಗಕ್ಕೆ ಒಯ್ದ್ರು, ಅಲ್ಲೇ ವೆಂಟಿಲೇಟರ್ ತೆಗೆದ್ರು.

ಪುಟ್ಟಿಯಮ್ಮ, ಆ ಡಾಕ್ಟರಮ್ಮ ಕೂತು ಮಾತಾಡಿದ್ರಲ್ಲ, ಅದನ್ನ ನಮಗೆ ಟ್ರೈನಿಂಗಿನಲ್ಲಿ ಕಲಿಸ್ತಾರೆ, ಮೊದಲು ಕುರ್ಚಿ ಎಳ್ಕೊಳ್ಳಿ ಅಂತ. ಅವರು ಎಲ್ಲೂ ಕಲಿಯದೇ ಮಾಡಿದ್ರೇನೋ.

ಕರಿಕೋಟು (8:40)
ನಮ್ಮ ವಿಧಾನ ಒಳ್ಳೇದು, ಹೆತ್ತವರ ಒಪ್ಪಿಗೆ ಬೇಕು ಅಂತ ನಿನ್ನೆ ಹೆಮ್ಮೆಯಿಂದ ಬರೆದೆ. ಒಪ್ಪಿಗೆ ಅನ್ನೋದು ಒಬ್ಬರ ಹೆಗಲ ಮೇಲೆ ಬೀಳುತ್ತೆ ಅಂತ ಯೋಚಿಸಿರಲಿಲ್ಲ. ಎರಡು ಬೋರ್ಡಿನ ಆರು ಜನ ಮೊದಲು "ಇದು ನಮ್ಮ ತೀರ್ಮಾನ, ನೀವು ಒಪ್ತೀರಾ" ಅಂತ ಕೇಳೋದಕ್ಕೂ, "ಏನ್ಮಾಡೋಣ ಹೇಳಿ" ಅನ್ನೋದಕ್ಕೂ ಅಜಗಜಾಂತರ. ಕಾಗದದಲ್ಲಿ ಇರೋದು ಮೊದಲನೇದೇ, ನಡೆಯೋದು ಎರಡನೇದು.

ತುಂಗಾತೀರ (9:25)
ಪುಟ್ಟಿಯಮ್ಮನವರೇ, ನಿನ್ನೆ ತೋಟ ಗೀಟ ಅಂತ ಹಗುರಾಗಿ ಮಾತಾಡಿದ್ದಕ್ಕೆ ಕ್ಷಮಿಸಿ. ಆದ್ರೆ ಸುಳ್ಳು ಹೇಳಲ್ಲ, ನಾನಿನ್ನೂ ಒಪ್ಪಿಲ್ಲ. ಹೆತ್ತವರು ಬೇಡ ಅಂದ್ರೆ ಬೇಡವೇ.

ಪುಟ್ಟಿಯಮ್ಮ (10:03)
ಒಪ್ಪಬೇಡಿ ಅಣ್ಣ. ಆ ಕಾರಿಡಾರಿನಲ್ಲಿ ನನ್ನ ಜೊತೆ ಯಾರೂ ಜಗಳ ಆಡ್ಲಿಲ್ಲ. "ನಿಮ್ಮಿಷ್ಟ" ಅಂದ್ರು ಎಲ್ಲಾರೂ. ನನ್ನಣ್ಣ ಕೂಡ.

ಕರಾವಳಿಗ (10:20)
ಬೆಡ್ಡಿನ ಮಾತು ವಾಪಸ್ ತಗೊಂಡೆ. ಒಂದು ಕೇಳ್ಲಿಕ್ಕುಂಟು. ನಮ್ಮ ನೆರೆಮನೆಯಲ್ಲಿ ಒಂದು ಮಗು ಉಂಟು, ಕ್ಯಾನ್ಸರ್, ಆಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದಿದ್ದಾರೆ. ರಾತ್ರಿ ನೋವಿಗೆ ಕಿರುಚುವುದು ನಮಗೆ ಕೇಳ್ತದೆ. ಎಲ್ಲಿಗೆ ಹೋಗಲಿಕ್ಕೆ ಹೇಳುವುದು?

ಹುಬ್ಬಳ್ಳಿ_ಡಾಕ್ಟ್ರು (10:28)
ಮೊದಲ ನೋಡಿದ ಕ್ಯಾನ್ಸರ್ ಡಾಕ್ಟ್ರ ಕಡೆನ ವಾಪಸ್ ಹೋಗಿ "ಪ್ಯಾಲಿಯೇಟಿವ್ ಕೇರ್, ಅಂದ್ರ ನೋವು ಕಮ್ಮಿ ಮಾಡೋ ಆರೈಕಿ, ಯಾರು ಮಾಡ್ತಾರ, ಬಾಯಿಗೆ ಕೊಡೋ ಮಾರ್ಫಿನ್ ಎಲ್ಲಿ ಸಿಗ್ತೈತಿ" ಅಂತ ನೇರ ಕೇಳಾಕ ಹೇಳ್ರಿ. ಮಾರ್ಫಿನ್ ಎಲ್ಲಾ ಮೆಡಿಕಲ್ ಶಾಪಿನ್ಯಾಗ ಸಿಗಂಗಿಲ್ಲ, ಪರವಾನಗಿ ಇದ್ದಲ್ಲಿ ಮಾತ್ರ. ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರಿಯೊಳಗ ವಿಚಾರಿಸ್ರಿ, ನಿಮ್ಮ ಕಡೆ ಕಾಲೇಜಿಗೆ ಬರಗಾಲ ಇಲ್ಲಲ್ಲ. ಬೆಂಗಳೂರಿಗೆ ಹೋಗೋದಿದ್ರ ಮಾರತ್ತಹಳ್ಳಿ ಹತ್ರ ಕರುಣಾಶ್ರಯ ಐತಿ, ಕ್ಯಾನ್ಸರ್ ಕಡೀ ಹಂತದವರಿಗೆ, ದುಡ್ಡು ತಗೊಳ್ಳಂಗಿಲ್ಲ. ಕೂಸಿನ ತೂಕ ಎಷ್ಟು, ಈಗ ಏನು ಔಷಧ ನಡದೈತಿ ಅಂತ ನನಗ ಒಳಗಿನ ಮೆಸೇಜಿಗೆ ಹಾಕ್ರಿ. ಇವತ್ತ ಹಾಕ್ರಿ.

ಕರಾವಳಿಗ (10:31)
ಈಗಲೇ ಅವರ ಮನೆಗೆ ಹೋಗ್ತೇನೆ.

ಮಲ್ಲಿಗೆಮೊಗ್ಗು (ಮಧ್ಯಾಹ್ನ 1:10)
ಫ್ಯಾಮಿಲಿ ಗ್ರೂಪಿಗೆ ಉದ್ದಕ್ಕೆ ಬರೆದು ಹಾಕಿದೆ. ವರ್ಷ 2017, ಪುಡಿ ಔಷಧಿ, ಫಿಟ್ಸ್, ಹೆತ್ತವರೇ ಕೊನೆಗೆ ಸರಿದಿದ್ದು, ಬಾಗಿಲಿನ ಅಗಲ ಎಲ್ಲಾ. ಚಿಕ್ಕಪ್ಪ ಓದಿ ಒಂದು ಗಂಟೆ ಸುಮ್ನಿದ್ರು. ಆಮೇಲೆ ನನಗೊಬ್ಬಳಿಗೇ ಫೋನ್ ಮಾಡಿ, ಅವರ ತಮ್ಮ ಐಸಿಯುನಲ್ಲಿದ್ದಾಗ, ಅಂದ್ರೆ ನಮ್ಮಪ್ಪ ಇದ್ದಾಗ, ಕಾಗದಕ್ಕೆ ಸೈನ್ ಮಾಡಿದ್ದು ತಾನು ಅಂತ ಹೇಳಿದ್ರು. ನನಗೆ ಗೊತ್ತಿರಲಿಲ್ಲ. ಅಮ್ಮಂಗೂ ಗೊತ್ತಿಲ್ವಂತೆ.

ಗಿರ್ಮಿಟ್ (1:22)
ತಮ್ಮ ನಿಮ್ಮಪ್ಪ ಆದ್ರೆ ಅವರು ದೊಡ್ಡಪ್ಪ ಆಗ್ಬೇಕಲ್ವಾ ಅಕ್ಕ?

ಮಲ್ಲಿಗೆಮೊಗ್ಗು (1:25)
ಅಣ್ಣ ಅಂತ ಬರೀಬೇಕಿತ್ತು, ಕಣ್ಣು ಮಂಜಾಗಿದೆ. ಕಾಫಿಗೆ ಬನ್ನಿ ಚಿಕ್ಕಪ್ಪ ಅಂದಿದ್ದೀನಿ, ಸಂಜೆ ಬರ್ತಾರಂತೆ.